ಮಾತು ಕೇಳದ ಇಪ್ಪತ್ತಾರು

ಜೋನಾ ವೀಬ್ ಎಂಬ ಐಸ್ ಹಾಕಿ ಹುಡುಗನ ಬಗ್ಗೆ ಆ ಚಳಿಗಾಲದಲ್ಲಿ ನಾನು ಮೂರು ವರದಿ ಕಳಿಸಿದ್ದೆ. ಮೊದಲನೆಯದರಲ್ಲಿ ‘ಈ ವರ್ಷ ನಾನು ನೋಡಿದವರಲ್ಲೆಲ್ಲ ಒಳ್ಳೆಯ ಡಿಫೆನ್ಸ್ ಆಟಗಾರ’ ಎಂದಿತ್ತು. ಎರಡನೆಯದರಲ್ಲಿ ‘ಇವನಿಗಾಗಿ ಇನ್ನೊಂದು ಸಲ ಪೆಟ್ರೋಲ್ ಸುಡುವುದು ದಂಡ’ ಎಂದಿತ್ತು. ಮೂರನೆಯದು ಮತ್ತೆ ಮೊದಲನೆಯದರ ಹಾಗೇ ಇತ್ತು. ಊರೂರು ಸುತ್ತಿ ಹೊಸ ಆಟಗಾರರನ್ನು ಹುಡುಕುವ ನಮ್ಮ ಕ್ಲಬ್ಬಿನ ಸ್ಕೌಟುಗಳಿಗೆಲ್ಲ ಮುಖ್ಯಸ್ಥನಾದ ವೆಂಡೆಲ್ ಮೂರನ್ನೂ ಒಟ್ಟಿಗೆ ಓದಿ ಫೋನ್ ಮಾಡಿದ.

“ಒರ್ವಿಲ್, ಇದು ಒಬ್ಬನೇ ಹುಡುಗನಾ, ಇಲ್ಲಾ ಆ ಹೆಸ್ರಲ್ಲಿ ಇಬ್ರು ಇದಾರಾ?”

“ಒಬ್ಬನೇ.”

“ಹಂಗಾದ್ರೆ ಇಬ್ರು ಒರ್ವಿಲ್ ಇದೀರ. ಯಾರಾದ್ರೂ ಒಬ್ರು ಮತ್ತೆ ಹೋಗಿ ಸರಿಯಾಗಿ ನೋಡ್ಕೊಂಡು ಬನ್ನಿ.”

ಅವನು ನಗಲಿಲ್ಲ. ಅದರ ಹಿಂದಿನ ವರ್ಷ ನಾನು ಹಟ ಹಿಡಿದು ಆರಿಸಿದ್ದ ಹುಡುಗ ಎರಡೇ ತಿಂಗಳಲ್ಲಿ ಮನೆಗೆ ಹೋಗಿದ್ದ. ಹನ್ನೊಂದು ವರ್ಷ ಈ ಕೆಲಸ ಮಾಡಿ, ನನ್ನ ಕಣ್ಣನ್ನು ನಾನೇ ಅನುಮಾನಿಸುವ ಹಾಗಾಗಿತ್ತು.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಜೋನಾ ಆಡುತ್ತಿದ್ದ ಊರಾದ ಮೆರಿಡೇಲ್‌ಗೆ ಹೊರಟೆ. ದಾರಿಯುದ್ದಕ್ಕೂ ಹಿಮ ರಸ್ತೆಗೆ ಅಡ್ಡಡ್ಡ ಹರಿಯುತ್ತಿತ್ತು. ಮೂರು ಗಂಟೆಯ ದಾರಿಗೆ ನಾಲ್ಕೂವರೆ ಗಂಟೆ ಹಿಡಿಯಿತು. ಐಸಿನ ಅಂಗಳವಿದ್ದ ರಿಂಕಿನ ಮುಂದೆ ಇಪ್ಪತ್ತು ಗಾಡಿಯೂ ಇರಲಿಲ್ಲ. ಒಳಗೆ ಐದು ಸಾವಿರ ಕುರ್ಚಿಗೆ ಇನ್ನೂರು ಜನ ಇದ್ದರೇನೋ. ಸ್ಕೌಟುಗಳ ಮೂಲೆಯಲ್ಲಿ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ಗಿಲ್ ರೊಂಡೋ ಒಬ್ಬನೇ ಕೂತು ಕರಿದ ಆಲೂಗಡ್ಡೆಯ ಮೇಲೆ ಗಸಿ ಸುರಿದುಕೊಂಡು ತಿನ್ನುತ್ತಿದ್ದ. ಅವನು ಬೇರೆ ಕ್ಲಬ್ಬಿನವನು. ನನಗಿಂತ ಹತ್ತು ವರ್ಷ ದೊಡ್ಡವನು, ಮಾತಿನಲ್ಲಿ ಮಾತ್ರ ಚಿಕ್ಕವನು.

“ಏನಯ್ಯಾ ಒರ್ವಿಲ್, ಮತ್ತೆ ಆ ವೀಬ್ ಹುಡುಗನ್ನ ನೋಡಕ್ಕಾ? ಮದ್ವೆ ಮಾಡ್ಕೋತೀಯ ಏನು?”

“ನೀನೂ ಅವನ್ನೇ ನೋಡಕ್ ಬಂದಿದ್ದೀಯ ಅಲ್ವಾ?”

“ನಾನು ಗಸಿ ತಿನ್ನಕ್ ಬಂದೆ. ಅವನ್ನ ಪಟ್ಟಿಯಿಂದ ಹೊಡೆದು ಹಾಕಿ ಆಯ್ತು. ಮೂಡ್ ಇದ್ರೆ ಆಡ್ತಾನೆ, ಇಲ್ಲಾಂದ್ರೆ ಇಲ್ಲ. ಅಂಥವ್ರನ್ನ ಕಟ್ಕೊಂಡು ಏನ್ ಮಾಡೋದು?”

ಮೆರಿಡೇಲ್ ಬ್ಯಾಜರ್ಸ್ ತಂಡದ ಕೋಚ್ ಮರ್ರಿ ಸ್ಟಾಡ್ನಿಕ್ ಕೂಡ ನನಗೆ ಹೆಚ್ಚುಕಡಿಮೆ ಅದನ್ನೇ ಹೇಳಿದ್ದ. “ಹುಡುಗ ಚಿನ್ನ ಕಣಯ್ಯಾ. ಆದ್ರೆ ಮಾತು ಕೇಳಲ್ಲ. ಎಷ್ಟು ಸಲ ಬೆಂಚಲ್ಲಿ ಕೂರ್ಸಿದೀನಿ, ಎಷ್ಟು ಕೂಗಾಡಿದೀನಿ, ಹೂಂ ಹೂಂ ಅಂತಾನೆ, ಮತ್ತೆ ಅದೇ.”

ಆಟ ಶುರುವಾಯಿತು. ಇಪ್ಪತ್ತಾರನೇ ನಂಬರ್ ಅಂಗಿಯ ಜೋನಾ ನೋಡಲು ಚೆಂದ: ಉದ್ದ ಕಾಲು, ನೆಟ್ಟಗಿನ ಬೆನ್ನು, ಐಸಿನ ಮೇಲೆ ಅಲುಗಾಡದೆ ಜಾರುವ ರೀತಿ. ಆದರೆ ನಾಲ್ಕನೇ ನಿಮಿಷದಲ್ಲೇ ಎಡವಟ್ಟಾಯಿತು. ಎದುರಾಳಿಗಳು ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಮೂಲೆಗೆ ತಳ್ಳಿದರು. ಅದನ್ನು ತರಲು ಹೋಗುವ ಡಿಫೆನ್ಸ್ ಆಟಗಾರನ ಬೆನ್ನು ಮೈದಾನಕ್ಕಿರುತ್ತದೆ, ಹಿಂದೆ ಯಾರು ಬರುತ್ತಿದ್ದಾರೆ ಎಂದು ಕಾಣುವುದಿಲ್ಲ. ಅವನಿಗೆ ಕಣ್ಣಾಗುವುದು ಜೊತೆಗಾರನ ಕೂಗು, ಗೋಲು ಕಾಯುವ ಗೋಲಿಯ ಕೂಗು. ಖಾಲಿ ರಿಂಕಿನಲ್ಲಿ ಅದು ನಮ್ಮ ಸಾಲಿಗೂ ಸ್ಪಷ್ಟವಾಗಿ ಕೇಳಿಸಿತು. “ಟೈಮ್ ಇದೆ! ಟೈಮ್ ಇದೆ! ಈ ಕಡೆ ಕೊಡು!” ಎಂದು ಜೊತೆಗಾರ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ಬೇಕಾದಷ್ಟು ಸಮಯವಿತ್ತು. ಜೋನಾ ಮಾತ್ರ ಯಾರೋ ಅಟ್ಟಿಸಿಕೊಂಡು ಬಂದವನ ಹಾಗೆ ಪಕ್ಕನ್ನು ಗೋಡೆಗೆ ಬಡಿದ. ಅದು ನೇರವಾಗಿ ಎದುರಾಳಿಯ ಕೋಲಿಗೆ ಹೋಯಿತು. ಗೋಲಾಯಿತು.

ಐದು ನಿಮಿಷದ ನಂತರ ಇದರ ಉಲ್ಟಾ ನಡೆಯಿತು. “ಬಂದ, ಬಂದ!” ಎಂದು ಗೋಲಿ ಕೂಗಿದ. ಜೋನಾ ಸಂತೆಗೆ ಹೋದವನ ಹಾಗೆ ನಿಧಾನಕ್ಕೆ ಪಕ್ ಎತ್ತಿಕೊಂಡ. ಹಿಂದಿನಿಂದ ಬಂದವನು ಅವನನ್ನು ಗೋಡೆಗೆ ಒರೆಸಿಬಿಟ್ಟ.

“ನೋಡ್ದಾ?” ಎಂದ ಗಿಲ್, ಬೆರಳು ನೆಕ್ಕುತ್ತ. “ಮನೇಲಿ ತಲೆ ಬಿಟ್ಟು ಬಂದಿದಾನೆ.”

ನಾನು ಪುಸ್ತಕದಲ್ಲಿ ‘ಎರಡನೇ ವರದಿಯೇ ಸರಿ’ ಎಂದು ಬರೆದುಕೊಂಡೆ. ಮನಸ್ಸಿಗೆ ಒಂಥರಾ ಸಮಾಧಾನವೂ ಆಯಿತು. ಕೆಟ್ಟದಾದರೂ ಒಂದು ತೀರ್ಮಾನ ಸಿಕ್ಕಿತಲ್ಲ.

ಎರಡನೇ ಭಾಗ ಶುರುವಾಗುವ ಹೊತ್ತಿಗೆ ಹೊರಗಿನ ಬಾಗಿಲುಗಳು ತೆರೆದವು. ಸುತ್ತಮುತ್ತಲ ಊರುಗಳ ಪುಟಾಣಿ ತಂಡಗಳಿಗೆ ಆ ದಿನ ಉಚಿತ ಪ್ರವೇಶವಂತೆ. ಹಿಮದಲ್ಲಿ ಸಿಕ್ಕಿಕೊಂಡಿದ್ದ ಹದಿನಾರು ಬಸ್ಸು ಒಂದರ ಹಿಂದೆ ಒಂದು ಬಂದು ಮಕ್ಕಳನ್ನು ಇಳಿಸಿದವು. ಆರೇಳು ನೂರು ಮಕ್ಕಳು, ಪ್ರತಿಯೊಬ್ಬರ ಕೈಯಲ್ಲೂ ಹಸುವಿನ ಗಂಟೆ, ಇಲ್ಲಾ ತುತ್ತೂರಿ. ಆ ತಗಡಿನ ಚಾವಣಿಯ ಕೆಳಗೆ ಎದ್ದ ಸದ್ದಿಗೆ ಗಿಲ್ ಕಿವಿಗೆ ಕರವಸ್ತ್ರ ತುರುಕಿಕೊಂಡ.

ಮುಂದಿನ ಇಪ್ಪತ್ತು ನಿಮಿಷ ನಾನು ಕಂಡದ್ದನ್ನು ಹೇಗೆ ಹೇಳಲಿ? ಐಸಿನ ಮೇಲೆ ಉಳಿದ ಒಂಬತ್ತು ಹುಡುಗರು ದಿಕ್ಕು ತಪ್ಪಿದವರ ಹಾಗೆ ಆಡತೊಡಗಿದರು. ಪಾಸು ಖಾಲಿ ಜಾಗಕ್ಕೆ ಹೋಗುತ್ತಿತ್ತು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಇಪ್ಪತ್ತಾರು ಮಾತ್ರ ದೀಪ ಹಿಡಿದುಕೊಂಡು ನಡೆದವನ ಹಾಗಿದ್ದ. ಮೂಲೆಗೆ ಹೋಗುವ ಮುಂಚೆ ಒಮ್ಮೆ ಎಡಕ್ಕೆ ನೋಟ, ಒಮ್ಮೆ ಬಲಕ್ಕೆ ನೋಟ, ಆಮೇಲೆ ನಿಂತಲ್ಲೇ ಒಂದು ತಿರುವು, ಅಟ್ಟಿಬಂದವನು ಗಾಳಿಗೆ ಗುದ್ದಿ ಬಿದ್ದ. ಅವನ ಕೋಲಿಂದ ಹೊರಟ ಪಕ್ ನಲವತ್ತು ಗಜ ಹಾದು ಮುಂದಿದ್ದ ಜೊತೆಗಾರನ ಕೋಲಿಗೆ ಮುತ್ತಿಟ್ಟ ಹಾಗೆ ಕೂತಿತು. ಎರಡು ಗೋಲು ಅವನು ಹೊಡೆಸಿದ, ಒಂದು ತಾನೇ ಹೊಡೆದ.

ಗಿಲ್ ಕರವಸ್ತ್ರ ತೆಗೆದು ನನ್ನ ಮುಖ ನೋಡಿದ. “ಬಟ್ಟೆ ಬದಲಾಯ್ಸೋ ಕೋಣೇಲಿ ಏನ್ ಕುಡ್ಸಿದ್ರೋ?”

ನಾನು ಬರೆದದ್ದನ್ನು ಹೊಡೆದು ಹಾಕಿದೆ. ಮೂರನೇ ಭಾಗಕ್ಕೆ ಮುಂಚೆ ಗಾಳಿ ಜೋರಾಗುತ್ತಿದೆ ಎಂದು ಘೋಷಣೆಯಾಯಿತು. ಬಸ್ಸಿನವರು ಮಕ್ಕಳನ್ನೆಲ್ಲ ಎಬ್ಬಿಸಿಕೊಂಡು ಹೋದರು. ಮತ್ತೆ ಇನ್ನೂರು ಜನ, ಮತ್ತೆ ಸ್ಮಶಾನ ಮೌನ. ಮೂರನೇ ಭಾಗದ ಎರಡನೇ ನಿಮಿಷದಲ್ಲಿ ಜೋನಾ, ಜೊತೆಗಾರ “ಬೇಡ, ಬೇಡ!” ಎನ್ನುತ್ತಿದ್ದ ಹಾಗೇ, ತನ್ನ ಗೋಲಿನ ಮುಂದೆಯೇ ಪಕ್ಕನ್ನು ಎದುರಾಳಿಗೆ ಒಪ್ಪಿಸಿದ. ಮರ್ರಿ ಬೆಂಚಿನ ಮೇಲೆ ನೀರಿನ ಬಾಟಲಿ ಎಸೆದ. ಹುಡುಗ ಆಟ ಮುಗಿಯುವವರೆಗೂ ಬೆಂಚಿನಲ್ಲೇ ಕೂತ.

ಪುಸ್ತಕ ಮುಚ್ಚಿದೆ. ಒಂದೇ ಪಂದ್ಯದಲ್ಲಿ ನನ್ನ ಮೂರು ವರದಿಯೂ ನಿಜವಾಗಿತ್ತು.

ಪಂದ್ಯದ ನಂತರ ಮರ್ರಿಯ ಒಪ್ಪಿಗೆ ಪಡೆದು ಹುಡುಗನನ್ನು ಮಾತಾಡಿಸಿದೆ. ಓಣಿಯಲ್ಲಿ ಅವನ ಜೊತೆ ನಡೆಯುತ್ತಿದ್ದೆ. ಅವನ ಬಲಕ್ಕೆ ನಾನು, ಪಕ್ಕದಲ್ಲೇ ಐಸು ಸವರುವ ಯಂತ್ರ ಗುರ್ರೆನ್ನುತ್ತಿತ್ತು.

“ಊರಿಂದ ಯಾರಾದ್ರೂ ಬಂದಿದ್ರಾ ಇವತ್ತು?”

“ತೊಂಬತ್ತು ಕಿಲೋ ಸರ್. ಬೇಸಿಗೇಲಿ ಇನ್ನೆರಡು ಏರ್ಸ್ಕೋತೀನಿ.”

“ಅದಲ್ಲಪ್ಪ... ಶಾಲೇಲಿ ಯಾವ ಪಾಠ ಇಷ್ಟ?”

“ಎಡಗಡೆ ಮೊಣಕಾಲು. ಈಗ ಪೂರ್ತಿ ವಾಸಿ ಆಗಿದೆ.”

ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಗೇಲಿ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಆ ಮುಖದಲ್ಲಿ ಗೇಲಿ ಇರಲಿಲ್ಲ. ಪರೀಕ್ಷೆ ಬರೆಯುವವನ ಗಾಬರಿ ಇತ್ತು. ಹಿಮ ಬೀಳುತ್ತಿದ್ದುದರಿಂದ ಅವನನ್ನು ನನ್ನ ಗಾಡಿಯಲ್ಲಿ ಕೂರಿಸಿಕೊಂಡೆ. ಸ್ಟೀರಿಂಗಿನ ಮುಂದೆ ಎಡಕ್ಕೆ ನಾನು, ಬಲಗಡೆಯ ಸೀಟಿನಲ್ಲಿ ಅವನು. ಕೂತದ್ದೇ ತಡ, ಹುಡುಗ ಬೇರೆಯವನೇ ಆದ. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ, ನಡುವೆ ತಮಾಷೆ. ಭೂಗೋಳ ಇಷ್ಟವಂತೆ. ಅಜ್ಜಿ ಸಾಕಿದ್ದಂತೆ. ಮರ್ರಿ ಸಿಟ್ಟಾದಾಗ ಅವನ ಮೀಸೆಯ ಎಡಭಾಗ ಮಾತ್ರ ಕುಣಿಯುತ್ತದಂತೆ. ನನ್ನ ಗೊಂದಲ ಇನ್ನಷ್ಟು ಹೆಚ್ಚಿತು.

ಅವನಿಗೆ ಊಟ ವಸತಿ ಕೊಟ್ಟಿದ್ದ ಮನೆ ಐರಿಸ್ ಓಡೆಗಾರ್ಡ್ ಎಂಬಾಕೆಯದು. ಊರಿನ ಪಶುವೈದ್ಯರ ಹೆಂಡತಿ. “ಈ ಗಾಳೀಲಿ ಎಲ್ಲಿಗೆ ಹೋಗ್ತೀರ, ಬನ್ನಿ ಒಳಗೆ, ಬೂಟು ಬಿಚ್ಚಿ” ಎಂದು ನನ್ನನ್ನೂ ಊಟಕ್ಕೆ ಎಳೆದಳು. ಮಾಂಸದುಂಡೆ, ಬೇಯಿಸಿದ ಆಲೂಗಡ್ಡೆ, ಲಿಂಗನ್ ಹಣ್ಣಿನ ಗೊಜ್ಜು. ಜೋನಾ ಮೇಜಿನ ತುದಿಯ ಕುರ್ಚಿಯಲ್ಲಿ ಕೂತ. ಅವನ ಬಲಕ್ಕೆ ಗೋಡೆ, ಎಡಕ್ಕೆ ನಾವೆಲ್ಲ.

“ಅದು ನಮ್ಮೆಜಮಾನ್ರ ಕುರ್ಚಿ” ಎಂದಳು ಐರಿಸ್. “ಬಂದ ದಿನಾನೇ ಹಿಡ್ಕೊಂಡ. ಬೇರೆ ಕಡೆ ಕೂರ್ಸಿದ್ರೆ ಊಟಾನೇ ಸೇರಲ್ಲ ರಾಜ್ಕುಮಾರಂಗೆ.” ಜೋನಾ ನಕ್ಕ. ಆಮೇಲೆ ಅವಳು ಬೆಣ್ಣೆ ತರಲು ಎದ್ದು, ಗೋಡೆಯಲ್ಲಿದ್ದ ಅಡುಗೆಮನೆಯ ಕಿಂಡಿಯಿಂದ ಅವನ ಬಲಭುಜದ ಹತ್ತಿರವೇ ಬಗ್ಗಿ “ಜೋನಾ, ಇದನ್ನ ಆ ಕಡೆ ದಾಟ್ಸು” ಎಂದಳು. ಅವನು ತಿನ್ನುತ್ತಲೇ ಇದ್ದ. ಬಟ್ಟಲಿನಿಂದ ಭುಜಕ್ಕೆ ತಟ್ಟಿದ ಮೇಲೆ ತಿರುಗಿದ. “ಏನೋ ಯೋಚ್ನೇಲಿ ಮುಳುಗಿರ್ತಾನೆ” ಎಂದಳು, ನನಗೆ.

ಸ್ಕೌಟ್ ಆಗುವ ಮುಂಚೆ ನಾನು ಇಪ್ಪತ್ತೆರಡು ವರ್ಷ ಗಣಿತದ ಮೇಷ್ಟ್ರಾಗಿದ್ದವನು. ಕರೆದರೆ ತಿರುಗದ ಮಕ್ಕಳನ್ನು ತರಗತಿಯಲ್ಲಿ ನೋಡಿದ್ದೆ.

ಊಟದ ನಂತರ ಅವನು ಪಾತ್ರೆ ತೊಳೆಯುತ್ತಿದ್ದ. ಒರೆಸುವ ಬಟ್ಟೆ ಹಿಡಿದು ಅವನ ಬಲಕ್ಕೆ ಹೋಗಿ ನಿಂತೆ. ಮಾಮೂಲಿ ದನಿಯಲ್ಲಿ, “ಜೋನಾ, ನಿನ್ನ ಕಾಲ್ಚೀಲಕ್ಕೆ ಬೆಂಕಿ ಹತ್ಕೊಂಡಿದೆ” ಎಂದೆ.

ಅವನು ತಟ್ಟೆ ಉಜ್ಜುತ್ತಿದ್ದ.

ಎಡಕ್ಕೆ ಬಂದು ಅದನ್ನೇ, ಅದೇ ದನಿಯಲ್ಲಿ ಹೇಳಿದೆ. ಥಟ್ಟನೆ ಕಾಲು ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ. ಅವನ ಕೈಯಿಂದ ನೊರೆ ತೊಟ್ಟಿಕ್ಕುತ್ತಿತ್ತು.

“ಯಾವಾಗಿಂದ?” ಎಂದೆ.

“ಆರು ವರ್ಷ ಇದ್ದಾಗ. ಮಂಗನಬಾವು ಬಂದಿತ್ತು.” ಅವನ ದನಿ ಸಣ್ಣಗಾಗಿತ್ತು. “ಬಲಗಿವಿ ಪೂರ್ತಿ ಹೋಗಿದೆ. ದೂರದಿಂದ ಕೂಗಿದ್ರೆ ಯಾವ ಕಡೆಯಿಂದ, ಏನಂದ್ರು ಅಂತ ಗೊತ್ತಾಗಲ್ಲ. ಅಜ್ಜಿಗೆ ಮಾತ್ರ ಗೊತ್ತು.”

“ಹಾಗಾದ್ರೆ ಮಕ್ಕಳು ಬಂದಾಗ...”

“ಗಲಾಟೆ ಇದ್ರೆ ಯಾರಿಗೂ ಏನೂ ಕೇಳ್ಸಲ್ಲ ಸರ್. ಆಗ ಎಲ್ರೂ ನನ್ ಥರಾನೇ. ನಂಗೆ ಹನ್ನೊಂದು ವರ್ಷದಿಂದ ಅಭ್ಯಾಸ ಇದೆ, ಅವ್ರಿಗಿಲ್ಲ.”

“ಓಣೀಲಿ ನಾನು ಶಾಲೆ ಪಾಠದ ಬಗ್ಗೆ ಕೇಳಿದ್ರೆ ಮೊಣಕಾಲು ಅಂದ್ಯಲ್ಲೋ?”

ಅವನ ಕಿವಿ ಕೆಂಪಾಯಿತು. “ಸ್ಕೌಟುಗಳೆಲ್ಲ ಕೇಳೋದು ಅದೇ ನಾಲ್ಕು ಪ್ರಶ್ನೆ. ತೂಕ, ಪೆಟ್ಟು, ಅಪ್ಪನ ಎತ್ತರ, ಯಾರ ಆಟ ಇಷ್ಟ. ಅದೇ ಕ್ರಮದಲ್ಲಿ ಹೇಳ್ತಾ ಹೋದೆ.”

ನನಗೆ ನಗು ಬಂತು, ಅವನಿಗೆ ಬರಲಿಲ್ಲ. “ಯಾರಿಗೂ ಹೇಳ್ಬೇಡಿ” ಎಂದ.

“ಲೋ, ಮಾತು ಕೇಳದವನು ಅಂತ ನಿನ್ನ ಹೆಸರು ಹಾಳಾಗ್ತಿದೆ ಕಣೋ. ಇದನ್ನ ಹೇಳಿದ್ರೆ ಮರ್ರಿ ನಿನ್ನನ್ನ ಎಡಗಡೆ ಆಡಿಸ್ಬಹುದು, ಪಕ್ ತರಕ್ಕೆ ಹಿಂದೆ ತಿರುಗಿದಾಗ ಕೇಳೋ ಕಿವಿ ಜೊತೆಗಾರನ ಕಡೆ ಇರುತ್ತೆ, ಕೈಸನ್ನೆ ಇಡ್ಬಹುದು...”

“ಮಾತು ಕೇಳದವನು ಅಂದ್ರೆ, ತಿದ್ದಬಹುದು ಅಂದ್ಕೋತಾರೆ. ಒಂದು ಕಿವಿಯವನು ಅಂದ್ರೆ ಮುಗೀತು. ಆಮೇಲೆ ನಾನೇನ್ ಮಾಡಿದ್ರೂ ಅದೊಂದೇ ಕಾಣೋದು.”

ಅವನು ಹೇಳಿದ್ದು ತಪ್ಪು ಎನ್ನಲು ಬಾಯಿ ತೆರೆದೆ. ಆದರೆ ಎಂತೆಂಥ ಹುಡುಗರನ್ನು ನಾವು ಎಂತೆಂಥ ಒಂದೊಂದು ಪದಕ್ಕೆ ಪಟ್ಟಿಯಿಂದ ಹೊಡೆದಿದ್ದೇವೆ ಎಂಬುದು ನೆನಪಾಯಿತು. ಮಾತು ಕೊಟ್ಟುಬಿಟ್ಟೆ. ಕೊಟ್ಟ ಮರುಕ್ಷಣವೇ ಯಾಕೆ ಕೊಟ್ಟೆನೋ ಎನಿಸಿತು.

ನಾಲ್ಕನೇ ವರದಿಯಲ್ಲಿ ‘ಗದ್ದಲದ ದೊಡ್ಡ ರಿಂಕುಗಳಿಗೆ ಹೇಳಿ ಮಾಡಿಸಿದ ಹುಡುಗ’ ಎಂದು ಬರೆದೆ. ಅದು ಸುಳ್ಳಲ್ಲ. ನಿಜವೂ ಅಲ್ಲ.

ಏಪ್ರಿಲ್‌ನಲ್ಲಿ ಸ್ಕೌಟುಗಳ ಸಭೆ. ಕ್ಲಬ್ಬುಗಳು ಸರದಿಯ ಮೇಲೆ ಹೊಸ ಹುಡುಗರನ್ನು ತೆಗೆದುಕೊಳ್ಳುವ ಜೂನಿನ ಡ್ರಾಫ್ಟಿನಲ್ಲಿ ಯಾರನ್ನು ಆರಿಸಿಕೊಳ್ಳಬೇಕೆಂಬ ಪಟ್ಟಿ ಅಲ್ಲಿ ತಯಾರಾಗುತ್ತದೆ. ಗೋಡೆಯ ಮೇಲೆ ಹುಡುಗರ ಹೆಸರು ಬರೆದ ಚೀಟಿಗಳು ಅಂಟಿರುತ್ತವೆ. ಜೋನಾನ ಸರದಿ ಬಂದಾಗ ವೆಂಡೆಲ್ ಕನ್ನಡಕ ಹಣೆಗೇರಿಸಿ ನನ್ನ ಕಡೆ ತಿರುಗಿದ.

“ನಾಲ್ಕು ವರದಿ. ಓದಿದ್ರೆ ತಲೆ ತಿರುಗುತ್ತೆ. ಅವನ ಕೋಚ್ ಅಂತೂ ಮಾತು ಕೇಳಲ್ಲ ಅಂತಾನೆ. ಹೌದಾ ಅಲ್ವಾ, ಒಂದೇ ಮಾತಲ್ಲಿ ಹೇಳು.”

ಹನ್ನೆರಡು ಜನ ನನ್ನನ್ನೇ ನೋಡುತ್ತಿದ್ದರು.

“ಅದು... ಕೇಳಲ್ಲ ಅಂತ ಅಲ್ಲ” ಎಂದೆ.

“ಮತ್ತೆ?”

ಜೋನಾಗೆ ಕೊಟ್ಟ ಮಾತು ನೆನೆದು ಮುಂದಿದ್ದ ಹಾಳೆ ಮಡಚಿದೆ. ವೆಂಡೆಲ್ ಗೋಡೆಯಿಂದ ಆ ಹೆಸರು ಕಿತ್ತು ಮೇಜಿನ ಮೇಲಿಟ್ಟ. ಸಭೆ ಮುಂದಕ್ಕೆ ಹೋಯಿತು.

ಊಟದ ಬಿಡುವಿನಲ್ಲಿ ಹೊರಗೆ ಬಂದು ಜೋನಾಗೆ ಫೋನ್ ಮಾಡಿದೆ. ಋತು ಮುಗಿದು ಅವನು ಅಜ್ಜಿಯ ಊರಿಗೆ ಹೋಗಿದ್ದ. ಎಲ್ಲೋ ಬಯಲಲ್ಲಿದ್ದ. ಗಾಳಿಯ ಸದ್ದು, ಟ್ರ್ಯಾಕ್ಟರಿನ ಸದ್ದು.

“ನಿನ್ನ ಹೆಸರು ತೆಗೆದುಬಿಟ್ರು” ಎಂದೆ. “ನಾನು ಬಾಯಿ ಮುಚ್ಕೊಂಡಿದ್ದಕ್ಕೆ.”

“ತೆಗೆದ್ರಾ? ಪೂರ್ತಿ?”

“ಪೂರ್ತಿ.”

“ನೀವು ಏನಾದ್ರೂ ಅನ್ಬೇಕಿತ್ತಲ್ವಾ!”

“ಹೇಳ್ಬೇಡಿ ಅಂದವನು ನೀನು!”

“ನಂಗೆ ಹದಿನೇಳು ಸರ್! ನಿಮ್ಗೆ ಎಷ್ಟು?”

ನನಗೆ ಐವತ್ತೇಳು. “ಈಗಲೂ ಸಮಯ ಇದೆ, ಒಂದು ಗಂಟೆಗೆ ಸಭೆ ಮತ್ತೆ ಶುರು” ಎಂದೆ. “ಏನ್ ಮಾಡ್ಲಿ?”

ಟ್ರ್ಯಾಕ್ಟರಿನ ಸದ್ದು ಹತ್ತಿರ ಬಂದು ದೂರ ಹೋಯಿತು. ಆಮೇಲೆ ಅವನು ಏನೋ ಅಂದ. ಗಾಳಿ ಅದನ್ನು ಅರ್ಧ ತಿಂದಿತು. ಲೈನು ಕಡಿದುಹೋಯಿತು. ನನಗೆ ಕೇಳಿಸಿದ್ದು “ಹೇಳ್ಬಿಡಿ.”

ಎರಡು ಸಲ ಮತ್ತೆ ಮಾಡಿದೆ. ಹೋಗಲಿಲ್ಲ. ಒಳಗೆ ಹೋಗಿ ಹೇಳಿಬಿಟ್ಟೆ.

ವೆಂಡೆಲ್ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಮೆತ್ತಗೆ, “ಫೆಬ್ರವರಿಯಿಂದ ಗೊತ್ತಿತ್ತಾ ನಿಂಗೆ?” ಎಂದ. ಹೌದೆಂದೆ. “ಬೇರೆ ಯಾರ್ಯಾರ ಬಗ್ಗೆ ಏನೇನ್ ಮುಚ್ಚಿಟ್ಟಿದ್ದೀಯೋ” ಎಂದು ಅಲ್ಲಿಂದಲೇ ಮರ್ರಿಗೆ ಫೋನ್ ಮಾಡಿದ. ನನ್ನ ಕಡೆ ತಿರುಗಲಿಲ್ಲ. ಹೆಸರು ಮತ್ತೆ ಗೋಡೆಗೆ ಹೋಯಿತು, ಕೆಳಗಡೆ, ಬಾಗಿಲ ಹತ್ತಿರ.

ಅವತ್ತು ಸಂಜೆ ಮರ್ರಿ ನನಗೆ ಫೋನ್ ಮಾಡಿದ. ಮೊದಲು ಬೈದ. ಆಮೇಲೆ ದನಿ ಒಡೆಯಿತು. “ಎರಡು ವರ್ಷ ಕಣೋ ಒರ್ವಿಲ್. ಎರಡು ವರ್ಷ ಆ ಹುಡುಗನ ಬಲಗಡೆ ನಿಂತ್ಕೊಂಡು ಕಿರುಚಿದೀನಿ. ಹೂಂ ಅಂತಿದ್ದ. ನಾನು ಎಂಥಾ ಕೋಚು?”

“ನಾನು ಮೇಷ್ಟ್ರಾಗಿದ್ದವನು, ನಂಗೂ ನಾಲ್ಕು ಸಲ ನೋಡ್ಬೇಕಾಯ್ತು” ಎಂದೆ.

ಜೋನಾ ಮಾತ್ರ ಆಮೇಲೆ ನನ್ನ ಫೋನ್ ಎತ್ತಲೇ ಇಲ್ಲ. ಯಾಕೆಂದು ತಿಳಿಯಲಿಲ್ಲ. ಜೂನಿನಲ್ಲಿ ಡ್ರಾಫ್ಟಿನ ಎರಡನೇ ದಿನ, ಐದನೇ ಸುತ್ತಿನಲ್ಲಿ, ವೆಂಡೆಲ್ ಯಾರನ್ನೂ ಕೇಳದೆ ಮೈಕಿನ ಮುಂದೆ ಹೋಗಿ ಜೋನಾ ವೀಬ್ ಎಂಬ ಹೆಸರು ಓದಿದ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ ಎಂದು ಆಮೇಲೆ ಯಾರೋ ಹೇಳಿದರು. ಹೊರಗೆ ಓಡಿ ಅವನ ಮನೆಗೆ ಫೋನ್ ಮಾಡಿದೆ. ಅಜ್ಜಿ ಎತ್ತಿದಳು.

“ನೀನೇನಾ ಆ ಒರ್ವಿಲ್? ಮಗು ಹೇಳ್ಬೇಡಿ ಅಂದ್ರೂ ಊರಿಗೆಲ್ಲ ಡಂಗುರ ಹೊಡೆದೋನು?”

“ಅಜ್ಜೀ, ಅವನು ಹೇಳ್ಬಿಡಿ ಅಂದ...”

“ಹೇಳ್ಬೇಡಿ ಅಂದ. ನಾನು ಪಕ್ಕದಲ್ಲೇ ಇದ್ದೆ. ನಿನ್ ಕಿವಿಗೇನಾಗಿತ್ತು?”

ಹಿಂದೆ ಜನ ಕೇಕೆ ಹಾಕುತ್ತಿದ್ದರು, ಯಾರೋ ಅಳುತ್ತಿದ್ದರು. ಅವಳು ಬೈಯುತ್ತ ಬೈಯುತ್ತಲೇ “ನಮ್ಮ ಹುಡುಗನ್ನ ತಗೊಂಡ್ರಲ್ಲಪ್ಪ” ಎಂದು ಬಿಕ್ಕಿದಳು. ನನಗೆ ಶಹಬ್ಬಾಸ್ ಸಿಗುತ್ತಿದೆಯೋ ಶಾಪ ಸಿಗುತ್ತಿದೆಯೋ ಗೊತ್ತಾಗಲಿಲ್ಲ. ಜೋನಾ ಮಾತಿಗೆ ಬರಲಿಲ್ಲ.

ಅವನನ್ನು ಮತ್ತೆ ನೋಡಿದ್ದು ಸೆಪ್ಟೆಂಬರಿನ ತರಬೇತಿ ಶಿಬಿರದಲ್ಲಿ. ಅವನನ್ನು ಎಡಗಡೆಗೆ ಹಾಕಿದ್ದರು. ಜೊತೆಗಾರ ಕೂಗುವ ಬದಲು ಕೋಲಿನಿಂದ ಐಸನ್ನು ಒಮ್ಮೆ ತಟ್ಟಿದರೆ ಒಂದು ಅರ್ಥ, ಎರಡು ಸಲ ತಟ್ಟಿದರೆ ಇನ್ನೊಂದು. ನಡುವೆ ಎರಡು ಸಲ ಎಡವಿದ, ಉಳಿದಂತೆ ಚೆನ್ನಾಗಿಯೇ ಆಡಿದ. ಇನ್ನೊಂದು ವರ್ಷ ಮೆರಿಡೇಲ್‌ನಲ್ಲೇ ಆಡಿ ಬಾ ಎಂದು ಕಳಿಸಿದರು. ಆ ವಯಸ್ಸಿನವರಿಗೆ ಹೆಚ್ಚಾಗಿ ಹಾಗೇ ಹೇಳುತ್ತಾರೆ. ಸಾಮಾನು ಕಟ್ಟುತ್ತಿದ್ದವನ ಹತ್ತಿರ ಹೋದೆ. ಎಡಗಡೆಯಿಂದಲೇ ಹೋದೆ.

“ನಿನ್ನ ಬೆನ್ನಿಗೆ ಚೂರಿ ಹಾಕ್ಬೇಕು ಅಂತ ಇರ್ಲಿಲ್ಲ ಕಣೋ” ಎಂದೆ. “ನಂಗೆ ನಿಜವಾಗ್ಲೂ ಹೇಳ್ಬಿಡಿ ಅಂತಾನೇ ಕೇಳಿಸ್ತು. ಇಲ್ಲಾ, ಹಾಗೆ ಕೇಳಿಸ್ಲಿ ಅಂತ ನಾನೇ ಕಾಯ್ತಿದ್ನೋ ಏನೋ. ಎಷ್ಟು ಯೋಚ್ನೆ ಮಾಡಿದ್ರೂ ಬಗೆಹರೀತಿಲ್ಲ.”

ಅವನು ಸ್ಕೇಟುಗಳ ಅಲಗು ಒರೆಸಿ ಚೀಲಕ್ಕೆ ಹಾಕಿದ. ಮೂರು ತಿಂಗಳು ಸಿಟ್ಟಾಗಿದ್ದನಂತೆ. ಆಮೇಲೆ ಮರ್ರಿ ಮನೆಗೇ ಬಂದು ಅಜ್ಜಿಯ ಮುಂದೆ ಕ್ಷಮೆ ಕೇಳಿದ ಮೇಲೆ ಯಾರ ಮೇಲೆ ಸಿಟ್ಟಾಗಬೇಕು ಎಂದೇ ತಿಳಿಯದೆ ಹೋಯಿತಂತೆ.

“ಅಜ್ಜಿ ಹೇಳ್ಬೇಡಿ ಅಂದೆ ಅಂತಾಳೆ” ಎಂದ. “ನೀವು ಹೇಳ್ಬಿಡಿ ಅಂದೆ ಅಂತೀರ. ನಾನೂ ಎಷ್ಟೋ ಸಲ ನೆನೆಸ್ಕೊಂಡು ನೋಡ್ದೆ. ಒಂದೊಂದು ದಿನ ಒಂದೊಂದು ಥರ ನೆನಪಾಗುತ್ತೆ.”

ಚೀಲ ಹೆಗಲಿಗೇರಿಸಿದ. ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ. ನಾಲ್ಕು ಗಂಟೆಗೆ ಎಂದೆ. ಇನ್ನೂ ಇಪ್ಪತ್ತು ನಿಮಿಷವಿತ್ತು, ಇಬ್ಬರೂ ಕಾಫಿ ಹುಡುಕಿಕೊಂಡು ಹೊರಟೆವು.